ಕಂಬಳಿಯೊಳಗೆ ಬಂದವರು

ನಮ್ಮ ನಡುಮನೆಯ ಗೂಟಕ್ಕೆ ತೂಗಿಬಿದ್ದಿರುವ ಕರಿಕಂಬಳಿ ನನ್ನ ತಾತನದು. ಅವರು ಅದನ್ನು ಹೊದ್ದು ಮಳೆಯಲ್ಲಿ ಹೊಲ ಕಾದರು, ಹಾಸಿ ಕೂತು ಊರಿನ ನ್ಯಾಯ ಹೇಳಿದರು, ಮುಸುಕೆಳೆದು ಗೊರಕೆ ಹೊಡೆದರು. ಮೊಮ್ಮಗನಾದ ನಾನು ಅದರೊಳಗೆ ಕೂತು ಪಾತ್ರೆ ಮಾರುತ್ತೇನೆ. ನಗಬೇಡಿ ಮಿತ್ರರೇ, ಬಿಡಿಸಿ ಹೇಳುತ್ತೇನೆ. ಹುಣಸೂರಿನ ಬೀದಿಗಳಲ್ಲಿ ನೆತ್ತಿಯ ಮೇಲೆ ಮೈಕು ಕಟ್ಟಿಕೊಂಡು ಅಲೆಯುವ ಪ್ರಚಾರದ ಆಟೋಗಳನ್ನು ನೀವು ನೋಡಿರಬಹುದು. ನೋಡದಿದ್ದರೂ ಕೇಳಿರಲೇಬೇಕು, ಏಕೆಂದರೆ ಕೇಳದೆ ಇರುವ ಸ್ವಾತಂತ್ರ್ಯವನ್ನು ಅವು ಯಾರಿಗೂ ಕೊಡುವುದಿಲ್ಲ. ಆ ಆಟೋಗಳ ಗಂಟಲು ನಾನು. ಸೀರೆಯಂಗಡಿಗೆ ಜೇನು ಸವರಿದ ಹೆಣ್ಣುದನಿ, ಗೊಬ್ಬರದಂಗಡಿಗೆ ಎಪ್ಪತ್ತು ದಾಟಿದ ಗೌಡರ ಗಡಸು ದನಿ, ಹೋಟೆಲಿಗೆ ಎರಡು ದಿನದಿಂದ ಹಸಿದವನ ದನಿ, ಎಲ್ಲವೂ ಈ ಒಂದೇ ಗಂಟಲಿನ ಬಾಡಿಗೆದಾರರು. ಮನೆಯ ಮಾಲೀಕ ಮಾತ್ರ ಎಲ್ಲಿದ್ದಾನೋ ಯಾರಿಗೂ ತಿಳಿಯದು.

ನನ್ನ ಸ್ಟುಡಿಯೋ ಎಂದರೆ ಈ ಕಂಬಳಿಯೇ. ಮೊಬೈಲು ಹಿಡಿದು ಮುಸುಕು ಹಾಕಿಕೊಂಡು ಕೂತರೆ ಕೋಳಿಯ ಕೂಗು, ಪಕ್ಕದ ಮನೆಯ ಮಿಕ್ಸಿ, ರಸ್ತೆಯ ಬಸ್ಸು ಎಲ್ಲವೂ ವಿನಯದಿಂದ ಹೊರಗೆ ನಿಲ್ಲುತ್ತವೆ. ನಿಲ್ಲದವಳು ಅಜ್ಜಿಯೊಬ್ಬಳೇ. ಕಂಬಳಿಯೊಳಗಿನಿಂದ ದಿನಕ್ಕೊಂದು ದನಿ ಕೇಳಿ ರೂಢಿಯಾಗಿರುವ ಆಕೆ ಎರಡು ಲೋಟ ಕಾಪಿ ತಂದಿಟ್ಟು, "ಇವತ್ತು ಯಾರ್ಲಾ ಬಂದವ್ರೆ ಒಳಕ್ಕೆ?" ಎಂದು ಕೇಳುತ್ತಾಳೆ. ಒಂದು ಲೋಟ ನನಗೆ, ಇನ್ನೊಂದು ಬಂದ ನೆಂಟರಿಗೆ. ನೆಂಟರು ಕುಡಿಯದೆ ಬಿಟ್ಟದ್ದನ್ನು ಆಮೇಲೆ ಆಕೆಯೇ ಕುಡಿಯುತ್ತಾಳೆ. ಡಾಕ್ಟರು ಆಕೆಗೆ ದಿನಕ್ಕೆ ಒಂದೇ ಲೋಟ ಎಂದು ಕಟ್ಟಪ್ಪಣೆ ಮಾಡಿರುವುದಕ್ಕೂ ನನ್ನ ಕಲೆಯ ಬಗ್ಗೆ ಆಕೆಗಿರುವ ಗೌರವಕ್ಕೂ ಏನೋ ಸಂಬಂಧವಿದೆಯೆಂಬುದು ನನ್ನ ಬಹುಕಾಲದ ಗುಮಾನಿ.

ಕಳೆದ ಶ್ರಾವಣದ ಒಂದು ಶನಿವಾರ ಭಾನುವಾರದ ಕಥೆ ಇದು. ಆ ಎರಡು ದಿನಗಳಿಗೆ ಮೂರು ಕಡೆಯಿಂದ ಕರೆ ಬಂದಿತ್ತು. ಮೊದಲನೆಯದು ಅಪ್ಪನದು: ಹೊಗೆಸೊಪ್ಪನ್ನು ಹದವಾದ ಕಾವಿನಲ್ಲಿ ಒಣಗಿಸುವ ನಮ್ಮ ಬ್ಯಾರನ್ನಿಗೆ ಶನಿವಾರ ಸೊಪ್ಪು ತುಂಬಬೇಕು, ಕಡ್ಡಿಗೆ ಕಟ್ಟಿದ ಸೊಪ್ಪನ್ನು ಮೇಲಕ್ಕೆ ಎತ್ತಿಕೊಡಲು ನಾನು ಬೇಕು. ಎರಡನೆಯದು ಪಾತ್ರೆ ಅಂಗಡಿಯ ಯಜಮಾನರದು: ಅಂಗಡಿ ಹೊಸ ಕಟ್ಟಡಕ್ಕೆ ಹೋಗುತ್ತಿದೆ, ಸೋಮವಾರ ಪೂಜೆ, ಭಾನುವಾರ ಬೆಳಗಿನ ಹೊತ್ತಿಗೆ ಆಟೋಗೆ ನನ್ನ ದನಿ ಸಿಗಬೇಕು. ಅವರು ಗಂಟೆಗೊಮ್ಮೆ ಫೋನು ಮಾಡಿ, ಹಿತ್ತಾಳೆ ಕೊಳಗವನ್ನು ಕಲ್ಲಿನ ಮೇಲೆ ನಿಧಾನವಾಗಿ ಎಳೆದಂತಹ ದನಿಯಲ್ಲಿ, "ಏನಪ್ಪಾ, ಆಯ್ತಾ?" ಎನ್ನುತ್ತಿದ್ದರು. ನಾನು ಅದೇ ದನಿಯಲ್ಲಿ, "ಆಯ್ತದೆ ಯಜಮಾನ್ರೇ" ಎನ್ನುತ್ತಿದ್ದೆ; ತಮ್ಮದೇ ಪ್ರತಿಧ್ವನಿಯೆಂದು ಅವರು ಸಮಾಧಾನಪಡುತ್ತಿದ್ದರೋ ಏನೋ.

ಮೂರನೆಯ ಕರೆ ಭೇರ್ಯದಿಂದ, ಅಕ್ಕನದು. ಅವಳ ಹನ್ನೊಂದು ತಿಂಗಳ ಮಗಳು ಪುಟ್ಟಿಗೆ ಭಾನುವಾರ ಹತ್ತು ಗಂಟೆಗೆ ಕಿವಿ ಚುಚ್ಚುವ ಶಾಸ್ತ್ರ. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೇರೆ ಯಾವ ಅಧಿಕಾರವೂ ಇಲ್ಲದ ನನ್ನಂಥವನಿಗೂ ಹುಟ್ಟಿನಿಂದ ಬರುವ ಏಕೈಕ ಸಿಂಹಾಸನ ಅದು, ಆದರೆ ಕೂರುವುದು ನಾವಲ್ಲ. ತೊಡಕು ಏನೆಂದರೆ, ಪುಟ್ಟಿ ನನ್ನನ್ನು ಕಂಡರೆ ಕಿರುಚುತ್ತಿದ್ದಳು. ತಪ್ಪು ಅವಳದಲ್ಲ. ಮೊದಲ ಸಲ ಹೋದಾಗ ನಾನು ಕೋಗಿಲೆಯಾಗಿದ್ದೆ, ಎರಡನೆಯ ಸಲ ಮೇಕೆಯಾಗಿದ್ದೆ, ಮೂರನೆಯ ಸಲ ಅವಳ ತಾತನ ಕೆಮ್ಮಾಗಿದ್ದೆ. ಪ್ರತಿ ಸಲವೂ ಒಬ್ಬ ಹೊಸಬ ಅದೇ ಅಂಗಿ ತೊಟ್ಟು ಬಂದರೆ ಯಾವ ಮಗು ತಾನೇ ನಂಬೀತು? ಶುಕ್ರವಾರ ಫೋನಿನಲ್ಲಿ ಅಕ್ಕ ಸ್ಪಷ್ಟವಾಗಿ ಹೇಳಿದಳು:

"ಕೂಸು ನಿನ್ನ ತಾವ ಕೂರ್ನಿಲ್ಲ ಅಂದ್ರೆ ಮಂಜಣ್ಣನ ತೊಡೆ ಮ್ಯಾಲೆ ಕೂರ್ಸುಬುಡಿ ಅಂದವ್ರೆ ನಮ್ಮತ್ತೆ. ಆಮ್ಯಾಕೆ ನನ್ನ ಕೇಳ್ಬ್ಯಾಡ ಕಣೋ."

ಮಂಜಣ್ಣ ಪಿರಿಯಾಪಟ್ಟಣದಲ್ಲಿರುವ ನಮ್ಮ ದೊಡ್ಡಪ್ಪನ ಮಗ. ಅವನದು ತೊಡೆಯಲ್ಲ, ಜಗುಲಿ. ಮೂರು ಮಕ್ಕಳು ಅದರ ಮೇಲೆ ಒಟ್ಟಿಗೆ ನಿದ್ದೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಗುತ್ತಲೇ ಫೋನಿಟ್ಟೆ, ಆದರೆ ಒಬ್ಬಳೇ ಅಕ್ಕನ ಒಬ್ಬಳೇ ಮಗಳ ಕಿವಿಗೆ ಚಿನ್ನ ಏರುವಾಗ ನಾನು ಗೋಡೆಗೊರಗಿ ನಿಂತಿರುವ ಚಿತ್ರ ಮನಸ್ಸಿನಿಂದ ಇಳಿಯಲಿಲ್ಲ.

ಶನಿವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ನೀವು ಎಂದಾದರೂ ಮಳೆಯನ್ನು ಕಿವಿಯಿಂದ ನೋಡಿದ್ದೀರಾ? ಅದು ನನಗಿಂತ ದೊಡ್ಡ ಅಣಕುಗಾರ. ನಮ್ಮ ತಗಡಿನ ಸೂರಿನ ಮೇಲೆ ಬಿದ್ದರೆ ಹಪ್ಪಳ ಕರಿಯುತ್ತದೆ, ಹೊಗೆಸೊಪ್ಪಿನ ಅಗಲ ಎಲೆಯ ಮೇಲೆ ಚಪ್ಪಾಳೆ ತಟ್ಟುತ್ತದೆ, ಅಂಗಳದ ಕೆಸರಿನಲ್ಲಿ ಹಲ್ಲಿಲ್ಲದ ಮುದುಕನ ಹಾಗೆ ಚಪ್ಪರಿಸುತ್ತದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ತಮಟೆ ಬಾರಿಸುತ್ತದೆ. ಬಿದ್ದ ಕಡೆಯ ದನಿಯೇ ಅದರ ದನಿ. ಅದಕ್ಕೆಂದೇ ಒಂದು ಕಂಠವಿಲ್ಲ. ಸೊಪ್ಪಿನ ಕಡ್ಡಿಗಳನ್ನು ಎತ್ತಿಕೊಡುತ್ತ ನಾನು ಇದನ್ನೇ ಯೋಚಿಸುತ್ತಿದ್ದೆ. ಬ್ಯಾರನ್ನಿನ ಅಡ್ಡಮರದ ಮೇಲೆ ಕಾಲು ಅಗಲಿಸಿ ನಿಂತಿದ್ದ ಅಪ್ಪ, ಕೈಗೆ ಕಡ್ಡಿ ಬಾರದೆ, ಕೆಳಗಿರುವುದು ಮಗನೋ ಗೂಟವೋ ಎಂದು ವಿಚಾರಿಸಿದರು.

ಮಧ್ಯಾಹ್ನದ ಮೇಲೆ ಕಂಬಳಿ ಸೇರಿದೆ. "ಹುಣಸೂರಿನ ಮಹಾಜನತೆಯಲ್ಲಿ ವಿನಂತಿ" ಎಂದು ಗಂಭೀರನಾಗಿ ಶುರುಮಾಡಿದರೆ ಮೇಲೆ ಹಪ್ಪಳ. ಮಳೆ ತುಸು ತಗ್ಗಿದರೆ ಅಪ್ಪನ ಕರೆ. ಅಪ್ಪ ಸುಮ್ಮನಾದರೆ ಅಜ್ಜಿಯ ಕಾಪಿ, ಪ್ರಶ್ನೆ, ಪಾತ್ರೆ ಅಂಗಡಿಯವರು ನಮಗೆ ಇಡ್ಲಿ ಕುಕ್ಕರು ಕೊಡುತ್ತಾರೆಯೇ ಎಂಬ ಉಪಪ್ರಶ್ನೆ. ಪ್ರತಿ ಸಲವೂ ನಾನು ಮುಸುಕಿನೊಳಗಿಂದಲೇ, "ಅಜ್ಜಿ, ಒಸಿ ಸುಮ್ಕಿರವ್ವ, ರೆಕಾರ್ಡಾಯ್ತಾ ಅದೆ" ಎನ್ನುವುದು, ಅದೂ ರೆಕಾರ್ಡಾಗುವುದು. ಹೀಗೆ ಸಂಜೆಯೊಳಗೆ ಹನ್ನೆರಡು ಸಲ ಕೆಟ್ಟಿತು. ಕೆಟ್ಟದ್ದು, ಒಳ್ಳೆಯದು ಎಲ್ಲವನ್ನೂ ಅಕ್ಕನ ಮೊಬೈಲಿಗೆ ಕಳಿಸುವುದು ನನ್ನ ಹಳೆಯ ಚಾಳಿ. ಬಾಣಂತನಕ್ಕೆ ಬಂದಾಗಿನಿಂದ ಅವಳೇ ನನ್ನ ಪರೀಕ್ಷಕಿ. ಐದರಲ್ಲಿ ಅಜ್ಜಿ ಅವ್ಳೆ, ಒಂಬತ್ತರಲ್ಲಿ ಮೂಗು ಕಟ್ಕಂಡದೆ ಎಂದು ಅವಳಿಂದ ತೀರ್ಪು ಬರುತ್ತಲೇ ಇತ್ತು.

ಭಾನುವಾರ ಬೆಳಕು ಹರಿಯುವಾಗ, ಹಸುವಿನ ಹಾಲು ಕರೆಯುವಷ್ಟು ಹೊತ್ತು ಮಳೆ ಬಿಡುವು ಕೊಟ್ಟಿತು. ಹದಿಮೂರನೆಯದು ಗಂಟೆ ಬಾರಿಸಿದಂತೆ ಬಂತು. ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಲು ಅಪ್ಪ ಉಳಿದರು, ಅವ್ವ ಶುಕ್ರವಾರವೇ ಭೇರ್ಯ ಸೇರಿದ್ದಳು. ನಾನೂ ಅಜ್ಜಿಯೂ ಒಂದು ಕೊಡೆ ಮತ್ತು ಒಂದು ಡಬ್ಬಿ ತಂಬಿಟ್ಟಿನೊಂದಿಗೆ ಹುಣಸೂರಿನಿಂದ ಕೆ.ಆರ್. ನಗರಕ್ಕೊಂದು, ಅಲ್ಲಿಂದ ಭೇರ್ಯಕ್ಕೊಂದು ಬಸ್ಸು ಹತ್ತಿದೆವು. ಮೊದಲ ಬಸ್ಸಿನಲ್ಲೇ, ಅಜ್ಜಿಯ ಮೊಣಕೈಯಿಂದ ಮೊಬೈಲನ್ನು ಕಾಪಾಡಿಕೊಳ್ಳುತ್ತ, ಯಜಮಾನರಿಗೆ ದನಿ ಕಳಿಸಿ ನಿಟ್ಟುಸಿರುಬಿಟ್ಟೆ. ಎರಡನೆಯ ಬಸ್ಸಿನಲ್ಲಿ ನೋಡಿದರೆ ಹೋಗಿರುವುದು ಅಜ್ಜಿಯ ಕುಕ್ಕರಿನ ಪ್ರಶ್ನೆಯೂ ನನ್ನ ಗದರಿಕೆಯೂ ಇರುವ ಹನ್ನೆರಡನೆಯದು. ಹೊರಗೆ ಮಳೆ, ಒಳಗೆ ಸಿಗ್ನಲ್ಲಿಲ್ಲ. ಹತ್ತು ಗಂಟೆಗೆ ಹತ್ತು ನಿಮಿಷ ಬಾಕಿ.

ಭೇರ್ಯದ ಮನೆಯಲ್ಲಿ ಮಣೆ ಹಾಕಿತ್ತು. ಕಿವಿ ಚುಚ್ಚುವ ಆಚಾರರು ಚಿನ್ನದ ಎಳೆಯನ್ನು ಅರಿಶಿನದಲ್ಲಿ ಅದ್ದಿ ಕಾದಿದ್ದರು. ಮಂಜಣ್ಣ ಹೊಸ ಪಂಚೆಯುಟ್ಟು, ಕರೆ ಬಂದರೆ ಕೂರಲು ಸಿದ್ಧನಾಗಿ, ಮೂಲೆಯಲ್ಲಿ ನಿಂತಿದ್ದ. ಅಕ್ಕ ಪುಟ್ಟಿಯನ್ನು ನನ್ನ ತೊಡೆಗಿಳಿಸಿದಳು. ಅವಳು ನನ್ನ ಮುಖ ನೋಡಿದಳು, ತುಟಿ ಮುರಿದಳು, ಕಿರುಚಿದಳು. ನಾನು ಕೋಗಿಲೆಯಾದೆ, ಕಿರುಚು ಏರಿತು. ಮೇಕೆಯಾದೆ, ನೆಂಟರು ನಕ್ಕರು, ಮಗು ಬಿಲ್ಲಿನಂತೆ ಬಾಗಿತು. ನನ್ನ ಬಾಡಿಗೆದಾರರೆಲ್ಲ ಒಬ್ಬೊಬ್ಬರಾಗಿ ಬಂದು ಸೋತು ಹೋದರು. ಆಚಾರರು ಗಡಿಯಾರ ನೋಡಿದರು. ಅಕ್ಕನ ಅತ್ತೆ ಮಂಜಣ್ಣನನ್ನು ನೋಡಿದರು. ಮಂಜಣ್ಣ ಪಂಚೆ ಮೇಲೆತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ಆಗ ನನ್ನ ಬೆನ್ನ ಹಿಂದೆ ನಿಂತಿದ್ದ ಅಜ್ಜಿ, ಮಗುವನ್ನು ಅಂಗಲ್ಲ ಇಂಗೆ ಹಿಡಿ, ಇಂಗಲ್ಲ ಅಂಗೆ ಹಿಡಿ ಎಂದು ಕಿವಿಯ ಹತ್ತಿರವೇ ಶುರುಹಚ್ಚಿದಳು. ಸೋತವನ ಬಾಯಿಂದ ಅಭ್ಯಾಸಬಲದಿಂದ ಮಾತು ಜಾರಿತು:

"ಅಜ್ಜಿ, ಒಸಿ ಸುಮ್ಕಿರವ್ವ, ರೆಕಾರ್ಡಾಯ್ತಾ ಅದೆ."

ಪುಟ್ಟಿ ಬಾಗಿದ ಬೆನ್ನು ಸಡಿಲಿಸಿದಳು. ಟ್ಯಾಪು ತಿರುಗಿಸಿದಂತೆ ಅಳು ನಿಂತಿತು. ಅವಳು ತಲೆಯೆತ್ತಿ, ಕಣ್ಣೀರಿನ ನಡುವೆಯೇ, ಕಳೆದುಹೋದ ಗಿಲಕಿ ಸಿಕ್ಕಿದವಳಂತೆ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಎರಡು ಬೆರಳನ್ನು ಅದರೊಳಗೆ ತೂರಿಸಿ, ದನಿ ಎಲ್ಲಿಂದ ಬಂತೆಂದು ಹುಡುಕತೊಡಗಿದಳು. ಅಕ್ಕ ಕೂತಲ್ಲೇ ನಗುತ್ತ ಗುಟ್ಟು ಒಡೆದಳು. "ನೀ ಕಳ್ಸಿದ ಕೆಟ್ಟ ರೆಕಾರ್ಡ್ನೇ ಹಾಕಿ ಕಣೋ ನಾನು ದಿನಾ ಇವ್ಳಿಗೆ ಉಣ್ಸದು. ಒಳ್ಳೆವ್ಕೆ ಬಾಯೇ ತೆಗ್ಯಲ್ಲ. ನೀ ಅಜ್ಜೀನ ಬೈತೀಯಲ್ಲ, ಆಗ ಆ ಅಂತಾಳೆ."

ಬಾಯಲ್ಲಿದ್ದ ಬೆರಳುಗಳ ಸಂದಿಯಿಂದಲೇ ನಾನೂ ನಕ್ಕೆ. ಇಷ್ಟು ತಿಂಗಳೂ ನಾನು ಒರೆಸಿ ಹಾಕಬೇಕೆಂದುಕೊಂಡಿದ್ದ ಕಸರು, ದನಿಯ ನಡುವಿನ ಗೊಣಗಾಟ, ಮಳೆಗೆ ಬೈದದ್ದು, ಕೆಮ್ಮಿದ್ದು, ಅದೇ ಒಂದು ಪುಟ್ಟ ಮನೆಯಲ್ಲಿ ತುತ್ತಿನ ಜೊತೆಗೆ ಮಾಮನಾಗಿ ಬೆಳೆದಿತ್ತು. ಮಳೆಗೆ ಸ್ವಂತ ದನಿಯಿಲ್ಲವೆಂದು ಶನಿವಾರ ದೊಡ್ಡ ತತ್ತ್ವಜ್ಞಾನಿಯಂತೆ ಅಂದುಕೊಂಡೆನಲ್ಲ. ತಗಡಿನ ಕೆಳಗೆ ಬೆಚ್ಚಗೆ ಕೂತವನಿಗೆ ಹಾಗೆ ಕಾಣುತ್ತದೆ. ಹೊರಗೆ ನಿಂತು ನೆನೆದವರಿಗೆ ಹಪ್ಪಳವೂ ಇಲ್ಲ, ತಮಟೆಯೂ ಇಲ್ಲ, ಮಳೆಯಷ್ಟೇ.

ಆಚಾರರ ಕೈ ಚುರುಕು. ಎಡಗಿವಿ, ಬಲಗಿವಿ. ಪುಟ್ಟಿ ಅತ್ತಳು, ಅಳಲೇಬೇಕಲ್ಲ. ಆದರೆ ಈ ಸಲ ಕೈಚಾಚಿ ಅಮ್ಮನ ಕಡೆಗೆ ಹೋಗದೆ, ನನ್ನ ಕತ್ತಿಗೆ ಜೋತುಬಿದ್ದು, ಹೊಸ ಅಂಗಿಯ ಮೇಲೆ ಮೂಗೊರೆಸಿ ಅತ್ತಳು. ಮಂಜಣ್ಣ ಬಂದು, "ನಿಂದು ತೊಡೆ ಸಣ್ಣದಾದ್ರೂ ಗಟ್ಟಿ ಅದೆ ಬುಡ್ಲಾ" ಎಂದ. ಇಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಏಳು ಸಲ ನಡುಗಿತ್ತು. ಊಟದ ಮೇಲೆ ಧೈರ್ಯ ತಂದುಕೊಂಡು ಯಜಮಾನರಿಗೆ ಫೋನು ಮಾಡಿ, ತಪ್ಪಾಯಿತು, ಸರಿಯಾದದ್ದು ಈಗಲೇ ಕಳಿಸುತ್ತೇನೆ ಎಂದೆ. ಕೊಳಗ ನಿಧಾನವಾಗಿ ಸರಿದಾಡಿತು. ಕಳಿಸಬೇಡ, ಜನ ಆಟೋ ನಿಲ್ಲಿಸಿ ಇನ್ನೊಂದು ಸಲ ಹಾಕಿಸಿಕೊಂಡು ಕೇಳುತ್ತಿದ್ದಾರೆ, ಸೋಮವಾರ ಪೂಜೆಗೆ ಆ ಅಜ್ಜಿಯನ್ನೂ ಕರೆದುಕೊಂಡು ಬಾ ಎಂದರು. ಅಜ್ಜಿ ಈಗ ಇಡ್ಲಿ ಕುಕ್ಕರಿನ ವಿಷಯದಲ್ಲಿ ನಿಶ್ಚಿಂತಳಾಗಿದ್ದಾಳೆ.

ಮುಂದಿನ ಶನಿವಾರವೂ ಮಳೆಯೇ. ಕಂಬಳಿ ಹೊದ್ದು ಕೂತೆ. ಯಾವ ಅಂಗಡಿಗೂ ಅಲ್ಲ. ಪುಟ್ಟಿಯ ರಾತ್ರಿಯೂಟಕ್ಕೆ ಕೆಟ್ಟ ರೆಕಾರ್ಡುಗಳ ದಾಸ್ತಾನು ಮುಗಿದಿದೆ, ಹೊಸದು ಕಳಿಸೆಂದು ಅಕ್ಕ ಹೇಳಿದ್ದಳು. ಎಂಥ ವಿಚಿತ್ರ ನೋಡಿ, ಬೇಕೆಂದೇ ಕೆಡಿಸಲು ಹೋದರೆ ಬಾಯಿಗೆ ಮಾತೇ ಬಾರದು. ಹಾಗೆ ಮಳೆ ಕೇಳುತ್ತ ಸುಮ್ಮನೆ ಕೂತಿದ್ದಾಗ ಹೊರಗೆ ಎರಡು ಲೋಟ ಸದ್ದಾಯಿತು.

"ಇವತ್ತು ಯಾರ್ಲಾ ಬಂದವ್ರೆ ಒಳಕ್ಕೆ?"

"ನಾನೇ ಕಣಜ್ಜಿ."

ಹೊರಗೆ ಒಂದು ಲೋಟ ನೆಲಕ್ಕಿಳಿದ ಸದ್ದು. ಎರಡನೆಯ ಲೋಟದ ಗತಿಯೇನೆಂದು ಆಕೆ ಯೋಚಿಸುತ್ತಿದ್ದಾಳೆಂದು ನಾನು ಬಲ್ಲೆ. ಆಮೇಲೆ ಕಂಬಳಿಯ ಅಂಚು ಮೇಲೆದ್ದು, ಬಳೆಯ ಕೈಯೊಂದು ಬಿಸಿ ಲೋಟವನ್ನು ಕತ್ತಲೆಯೊಳಕ್ಕೆ ಚಾಚಿತು.

"ನೀನಾ? ಅಪ್ರೂಪುಕ್ಕೆ ಬಂದಿದ್ದೀಯ. ತಕೋ, ಮೊದ್ಲು ನೀ ಕುಡಿ."