ಕಾತ್ರಜ ಘಾಟಿನ ಹತ್ತು ನಿಮಿಷ

ಹೋದ ವಾರ ಪುಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಮುಂದೆ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಏರು ಹತ್ತಿ ಬಂದದ್ದರಿಂದ ಇಂಜಿನ್ ಬಿಸಿಯಾಗಿತ್ತು. ಡ್ರೈವರ್ ಬಾನೆಟ್ ಎತ್ತಿ ಡಬ್ಬಿಯಿಂದ ನೀರು ಸುರಿದ. ಬುಸ್ಸೆಂದು ಉಗಿ ಎದ್ದಿತು. ಕಾದ ಕಬ್ಬಿಣದ ಮೇಲೆ ನೀರು ಬಿದ್ದಾಗ ಬರುವ ಆ ವಾಸನೆ, ಅದರೊಳಗೆ ಸ್ವಲ್ಪ ಡೀಸೆಲ್, ಸ್ವಲ್ಪ ಸುಟ್ಟ ರಬ್ಬರು... ನಾನು ಹಾಲಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಕಾಯ ಝಾಲಂ ಆಜೋಬಾ?" ಏನಾಯಿತು ಅಜ್ಜಾ ಎಂದು ಮರಾಠಿಯಲ್ಲಿ ವಾಚ್‌ಮನ್ ಕೇಳಿದ. ಏನಿಲ್ಲ ಎಂದೆ. ಏನಿಲ್ಲ ಎನ್ನುವುದು ನನಗೆ ಬಹಳ ಹಳೆಯ ರೂಢಿ.

ಇಪ್ಪತ್ತೈದು ವರ್ಷಕ್ಕೂ ಹಿಂದೆ ನಾನು ಪುಣೆಯಿಂದ ಬೆಳಗಾವಿಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ನನ್ನ ಓದು ಮೆಟ್ರಿಕ್‌ಗೆ ಮುಗಿದಿತ್ತು. ಆ ಬಸ್ಸಿನ ಡ್ರೈವರ್ ಸವದತ್ತಿ ಕಡೆಯವರು, ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರಿಗೆ ನಾನು ತಮ್ಮಾ.

ಆಗಿನ ನನ್ನ ಬದುಕನ್ನು ನೆನೆದರೆ ಈಗಲೂ ಏದುಸಿರು ಬರುತ್ತದೆ. ಒಂದೇ ಕೋಣೆಯ ಮನೆ, ಇಬ್ಬರು ಹೆಣ್ಣುಮಕ್ಕಳು. ಒಂದು ದಿನ ಹೋಗುವುದು, ಮರುದಿನ ಬರುವುದು. ಬಸ್ಸಿನ ಟಪ್ಪಿನ ಮೇಲೆ ಪಾರ್ಸಲ್ ಏರಿಸಬೇಕು, ತಲೆ ಎಣಿಸಬೇಕು, "ಸಾತಾರಾ, ಕರಾಡ, ಕೊಲ್ಹಾಪುರ, ಬೆಳಗಾಂವ" ಎಂದು ಗಂಟಲು ಹರಿಯುವ ತನಕ ಕೂಗಬೇಕು. ಊಟ ಮಾಡುವಾಗಲೂ ನನ್ನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ ಇರುತ್ತಿತ್ತು. ಮನೆಯಲ್ಲಿ ಹೆಂಡತಿ ಮಾತಾಡುವಾಗ ನಾನು ಗಡಿಯಾರ ನೋಡುತ್ತಿದ್ದೆ.

ಬೆಳಿಗ್ಗೆ ಏಳಕ್ಕೆ ಬಸ್ಸು ಬಿಡುತ್ತಿತ್ತು. ಕಾತ್ರಜ ದಾಟಿ ಘಾಟು ಹತ್ತಿ ಸುರಂಗದ ಬಾಯಿ ಬರುವ ಮೊದಲು ರಸ್ತೆ ಸ್ವಲ್ಪ ಅಗಲವಾಗುವ ಒಂದು ಜಾಗವಿತ್ತು. ಅಲ್ಲಿ ಕಾಕಾ ಬಸ್ಸನ್ನು ಬದಿಗೆ ಹಾಕಿ ಇಂಜಿನ್ ಬಂದ್ ಮಾಡುತ್ತಿದ್ದರು. ಹಳೆಯ ಗಾಡಿ ಇದ್ದಾಗ ಅದು ಬೇಕೇ ಆಗಿತ್ತು. ಘಾಟು ಹತ್ತುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ನೀರು ಸುರಿದು ಹತ್ತು ನಿಮಿಷ ಆರಿಸಬೇಕಿತ್ತು. ಆಮೇಲೆ ಮಾಲೀಕರು ಹೊಸ ಗಾಡಿ ತಂದರು. ಅದಕ್ಕೆ ಘಾಟು ಲೆಕ್ಕಕ್ಕೇ ಇರಲಿಲ್ಲ. ಆದರೂ ಕಾಕಾ ಅದೇ ಜಾಗದಲ್ಲಿ ನಿಲ್ಲಿಸುವುದನ್ನು ಬಿಡಲಿಲ್ಲ. "ಇಂಜಿನ್ ಗರಮ್ ಆಗೈತ್ರಿ, ಹತ್ತ ನಿಮಿಷ" ಎಂದು ಹಿಂದೆ ತಿರುಗಿ ಹೇಳಿ, ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಬೀಡಿ ಇಲ್ಲ, ಚಹಾ ಇಲ್ಲ. ಸುಮ್ಮನೆ.

ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರು ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಅವರು ಬಿಡುವವರಲ್ಲ. "ಏನ್ರೀ ಡ್ರೈವರ್ರ, ಹೊಸಾ ಗಾಡಿಗೂ ಜ್ವರಾ ಬರ್ತಾವೇನು?"

"ಗಾಡಿ ಹೊಸಾದು ಖರೇ ಐತ್ರಿ ಸಾವ್ಕಾರ್ರ. ಘಾಟ ಹಳೇದೈತಿ, ಡ್ರೈವರನೂ ಹಳಬ ಅದಾನ."

ಬಸ್ಸಿಗೆ ಬಸ್ಸೇ ನಗುತ್ತಿತ್ತು. ಆ ಸಾವ್ಕಾರರೂ ನಕ್ಕು, ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಮಾತು ನಿಲ್ಲಿಸುತ್ತಿದ್ದರು. ನಾನು ಮಾತ್ರ ಮೆಟ್ಟಿಲ ಬಳಿ ಚಡಪಡಿಸುತ್ತಿದ್ದೆ. ಇನ್ನೊಬ್ಬರ ಬಸ್ಸು ನಮ್ಮ ಹಿಂದೆಯೇ ಬಿಟ್ಟು, ಅಷ್ಟರಲ್ಲಿ ನಮ್ಮನ್ನು ದಾಟಿ ಹೋಗುತ್ತಿತ್ತು. ದಾರಿಯಲ್ಲಿ ಕೈ ಮಾಡುವ ಪ್ರಯಾಣಿಕರೆಲ್ಲ ಅದರ ಪಾಲು.

ಒಂದು ಮಳೆಗಾಲದ ದಿನ ಮಾತ್ರ ಬೇರೆಯಾಯಿತು. ಹಿಂದಿನ ದಿನ ಮನೆಯಲ್ಲಿ ಜಗಳವಾಗಿತ್ತು. ಸಣ್ಣ ಮಗಳಿಗೆ ಜ್ವರ, ರಜೆ ಕೇಳಲಿಕ್ಕೆ ನನಗೆ ಧೈರ್ಯವಿಲ್ಲ. ಸಿಟ್ಟನ್ನೆಲ್ಲ ಪ್ರಯಾಣಿಕರ ಮೇಲೆ ತೀರಿಸುತ್ತ ಘಾಟಿನವರೆಗೆ ಬಂದಿದ್ದೆ. ಇಂಜಿನ್ ನಿಂತಿತು. ಕೆಳಗೆ ಪುಣೆಯ ಮೇಲೆ ಮೋಡ ಕೂತಿತ್ತು, ಊರೇ ಇಲ್ಲವೇನೋ ಎನ್ನುವ ಹಾಗೆ. ಕಾದ ಇಂಜಿನ್ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮೊದಲು ಬೇಗ ಬೇಗ, ಆಮೇಲೆ ತಡೆದು ತಡೆದು, ಅಳು ನಿಲ್ಲಿಸಿದ ಮಗು ನಡುನಡುವೆ ಬಿಕ್ಕುವ ಹಾಗೆ...

"ಕೇಳಸ್ತೇನು ತಮ್ಮಾ?" ಎಂದರು ಕಾಕಾ.

"ಏನೂ ಕೇಳವಲ್ದಲ್ರಿ."

"ಹಾಂ. ಅದನ್ನ ಕೇಳು."

ನನಗೆ ನಗು ಬಂತು. ಆಮೇಲೆ ಯಾಕೋ ಮೆಟ್ಟಿಲ ಮೇಲೆ ಕೂತೆ. ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿದ್ದವು. ಹಿಂದಿನ ಸೀಟಿನಲ್ಲಿ ಯಾರೋ ತಾಯಿ ಮಗಳ ಜಡೆ ಬಿಚ್ಚಿ ನಿಧಾನವಾಗಿ ಹೆಣೆಯುತ್ತಿದ್ದಳು. ನನ್ನ ಹೆಗಲು ಇಷ್ಟು ದಿನ ಕಿವಿಯವರೆಗೆ ಏರಿಕೊಂಡಿತ್ತೆಂದು ಅದು ಕೆಳಗಿಳಿದಾಗಲೇ ತಿಳಿಯಿತು. ಪುಣೆಗೆ ಬಂದ ಮೇಲೆ ನಾನು ಏನನ್ನೂ ಯೋಚಿಸದೆ ಕೂತದ್ದು ಅದೇ ಮೊದಲು. ಬೆಳಗಾವಿ ಮುಟ್ಟಿದವನೇ ಫೋನ್ ಬೂತಿಗೆ ಹೋಗಿ ಪಕ್ಕದ ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕರೆಸಿದೆ. ಜ್ವರ ಇಳಿದಿದೆ ಎಂದಳು. "ನಿನ್ನೆ ನನ್ನದ ತಪ್ಪಾತು" ಎಂದೆ. ಊಟ ಆತೇನ್ರಿ ಎಂದು ಅವಳು ಕೇಳಿದಳು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಮುಂದೆ ನಾನು ಮಾಡಿದ ಕೆಲಸವನ್ನು ಆ ಹತ್ತು ನಿಮಿಷ ಏನೆಂದು ತಿಳಿಯದೆ ಮಾಡಿದ್ದಲ್ಲ. ತಿಳಿದೇ ಮಾಡಿದೆ.

ಮುಂದಿನ ಬೇಸಿಗೆಯಲ್ಲಿ ಮಾಲೀಕರು ನನ್ನನ್ನು ಕರೆಸಿದರು. ಅವರೂ ನಮ್ಮ ಬೆಳಗಾವಿ ಕಡೆಯವರೇ. ಬುಕಿಂಗ್ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಆ ಕುರ್ಚಿ ಸಿಕ್ಕರೆ ದಿನಾ ಮನೆಗೆ ಹೋಗಬಹುದು, ಮಕ್ಕಳ ಜೊತೆ ಊಟ ಮಾಡಬಹುದು. ಅದನ್ನು ನಾನು ಕನಸಿನಲ್ಲೂ ನೋಡುತ್ತಿದ್ದೆ.

"ನಿನ್ನ ಆಫೀಸಿಗೆ ತಗೋಬೇಕಂತ ಮಾಡೀನಿ" ಎಂದರು ಮಾಲೀಕರು. "ಅದಕ್ಕಿಂತ ಮೊದಲ ಒಂದ ಮಾತು ಖರೇ ಹೇಳು. ಘಾಟಿನ್ಯಾಗ ಇಂಜಿನ್ ಗರಮ್ ಆಕ್ಕೈತೇನು?"

ಆಗುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದಿದ್ದರೂ ನಡೆಯುತ್ತಿತ್ತು, ನಾನೇನು ಮೆಕ್ಯಾನಿಕ್ ಅಲ್ಲವಲ್ಲ. "ಇಲ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ಕಾಕಾಗ ವಯಸ್ಸಾತ್ರಿ. ಅವರಿಗೇ ದಣಿವಾಕ್ಕೈತಿ, ಇಂಜಿನ್ನಿನ ಹೆಸರು ಹೇಳ್ತಾರು" ಎಂದೆ. ಇಲ್ಲ ಎಂದದ್ದು ನಿಜ. ಉಳಿದದ್ದು ನನ್ನದೇ ಕಟ್ಟುಮಾತು. ಅವರು ದಣಿದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಮುಂದಿನ ತಿಂಗಳು ಕಾಕಾನನ್ನು ಬೆಳಗಾವಿ ಗಾಡಿಯಿಂದ ಇಳಿಸಿದರು. ನನಗೆ ಕುರ್ಚಿ ಸಿಕ್ಕಿತು.

ಕೆಲವು ವರ್ಷಗಳ ಮೇಲೆ ಪುಣೆಯ ಅಂಚಿನ ಖರಾಡಿಯಲ್ಲಿ ದೊಡ್ಡ ದೊಡ್ಡ ಆಫೀಸುಗಳು ಎದ್ದವು. ನಮ್ಮ ಮಾಲೀಕರು ಅಲ್ಲಿಯ ಕೆಲಸಗಾರರನ್ನು ಕರೆತರುವ ಗುತ್ತಿಗೆ ಹಿಡಿದರು. ಅಲ್ಲಿಯವರೆಗೆ ಊರೊಳಗಿನ ಮದುವೆ ಗಾಡಿ, ಶಾಲೆ ಗಾಡಿ ಎಂದು ಓಡಿಸಿಕೊಂಡಿದ್ದ ಕಾಕಾನನ್ನು ಅದಕ್ಕೆ ಹಾಕಿದರು. ಒಮ್ಮೆ ಡ್ಯೂಟಿ ಚೀಟಿ ಕೊಡಲು ನಾನೇ ಹೋಗಬೇಕಾಯಿತು. ಆಫೀಸಿನ ಗೇಟಿನ ಹೊರಗೆ ಸಾಲಾಗಿ ಬಸ್ಸುಗಳು ನಿಂತಿದ್ದವು, ಎಲ್ಲ ಗುಡುಗುಡು ಎನ್ನುತ್ತಿದ್ದವು. ಕಾಕಾ ಸೊರಗಿದ್ದರು. ನನ್ನನ್ನು ನೋಡಿದ ಕೂಡಲೆ ಮುಖ ಅರಳಿತು.

"ಬಾ ಬಾ, ಸಾಹೇಬಾ! ಕುರ್ಚಿ ಮ್ಯಾಲ ಕೂತು ಹೊಟ್ಟಿ ಬಂದೈತಲ್ಲೋ ನಿನಗ!"

ಪಕ್ಕದಲ್ಲಿ ಕೂರಿಸಿಕೊಂಡು ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿದರು. ಬಸ್ಸು ನಿಂತೇ ಇದೆಯಲ್ಲ, ಇಂಜಿನ್ ಯಾಕೆ ಬಂದ್ ಮಾಡಿಲ್ಲ ಎಂದು ಕೇಳಿದೆ.

"ಬಂದ್ ಮಾಡೂ ಹಂಗಿಲ್ಲೋ ತಮ್ಮಾ. ಅವರು ಬಂದು ಕೂಡೂದ್ರಾಗ ಎ.ಸಿ. ತಂಪಾಗಿರಬೇಕಂತ. ಮುಂಜಾನಿ ಚಾಲೂ ಮಾಡಿದ್ರ ಸಂಜೀಕೇ ಬಂದ್." ಸ್ಟೇರಿಂಗ್ ಒರೆಸುತ್ತ ಹೇಳಿದರು, "ಮಾಲಕರಿಗೆ ಯಾರೋ ಹೇಳಿದ್ರಂತ ನೋಡು, ಘಾಟಿನ ಮಾತು. ಹೋಗ್ಲಿ ಬಿಡು. ಅವಗೂ ಏನ ಗಡಿಬಿಡಿ ಇತ್ತೋ."

ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಅವರಿಗೆ ಗೊತ್ತಿತ್ತೋ, ಇಲ್ಲವೋ... ನಾನು ಇವತ್ತಿಗೂ ಹೇಳಲಾರೆ. ಹೇಳಿದವನು ನಾನು ಎಂಬ ಮಾತು ಗಂಟಲಿನವರೆಗೆ ಬಂದಿತ್ತು. "ಏನಾತೋ, ಮಾರಿ ಸಣ್ಣದ ಮಾಡೀದಿ?" ಎಂದು ಕೇಳಿದರು. "ಏನಿಲ್ರಿ" ಎಂದು ಚೀಟಿ ಕೊಟ್ಟು ಎದ್ದು ಬಂದೆ.

ಅದೇ ಕೊನೆ. ಅವರು ಕೆಲಸ ಬಿಟ್ಟು ಊರಿಗೆ ಹೋದರಂತೆ. ತೀರಿಕೊಂಡರೆಂದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ, ಇನ್ನೊಬ್ಬ ಡ್ರೈವರನ ಬಾಯಿಂದ. ಟಿಕೆಟ್ ಹರಿಯುತ್ತಲೇ ಕೇಳಿಸಿಕೊಂಡೆ.

ಈಗ ನನಗೆ ಯಾವ ಅವಸರವೂ ಇಲ್ಲ. ಬೆಳಿಗ್ಗೆ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಇಡೀ ಮನೆ ನನ್ನದೇ. ಕೆಲವೊಮ್ಮೆ ಕಿಟಕಿಯ ಬಳಿ ಕೂತಾಗ ಆ ದಿನದ ಹಾಗೆ ಹೆಗಲು ತಾನಾಗಿ ಇಳಿಯುತ್ತದೆ, ಒಳಗೆ ಎಲ್ಲ ತಿಳಿಯಾಗುತ್ತದೆ. ಆಗ ನಾನು ಎದ್ದುಬಿಡುತ್ತೇನೆ. ಇನ್ನೊಬ್ಬರಿಂದ ಕಸಿದುಕೊಂಡದ್ದನ್ನು ಉಣ್ಣುತ್ತಿದ್ದೇನೆ ಅನ್ನಿಸುತ್ತದೆ.

ಮೊನ್ನೆ ಮಂಗಳವಾರ ಯಾರಿಗೂ ಹೇಳದೆ ಘಾಟಿನ ಹಳೆಯ ರಸ್ತೆಯಲ್ಲಿ ಹೋಗುವ ಬಸ್ಸು ಹತ್ತಿದೆ. ಸುರಂಗದ ಮೊದಲೇ ಇಳಿಸಿ ಎಂದು ಕೇಳಿದೆ. "ಇಥೆ ಸ್ಟಾಪ್ ನಾಹೀ ಆಜೋಬಾ" ಎಂದಳು ಕಂಡಕ್ಟರ್ ಹುಡುಗಿ. ಆದರೂ ನನ್ನ ಮುಖ ನೋಡಿ ಬೆಲ್ ಹೊಡೆದಳು.

ಆ ಜಾಗ ಈಗ ಕಿರಿದಾಗಿದೆ, ಅಥವಾ ನನ್ನ ನೆನಪೇ ಅಗಲವಾಗಿತ್ತೋ. ಕೆಳಗೆ ಊರು ಗುಡ್ಡ ಹತ್ತಿ ಬರುತ್ತಿದೆ. ಬಹಳ ಹೊತ್ತು ನಿಂತೆ. ಆಮೇಲೆ ಬಾಯಿಬಿಟ್ಟು, ಜೋರಾಗಿಯೇ ಹೇಳಿದೆ: "ಕಾಕಾ, ಹೇಳಿದಾಂವ ನಾನ ಅದೀನ್ರಿ."

ಅದೇ ಹೊತ್ತಿಗೆ ಒಂದು ಲಾರಿ ಹಾರ್ನ್ ಹೊಡೆಯುತ್ತ ಏರಿ ಬಂತು. ನನ್ನ ಮಾತು ನನಗೇ ಕೇಳಲಿಲ್ಲ. ಲಾರಿ ಸುರಂಗದೊಳಗೆ ಹೋಯಿತು, ಘಾಟು ಸುಮ್ಮನಾಯಿತು. ಎರಡನೆಯ ಸಲ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.