ನಮ್ಮಿಂದಾದ ಕಲೆ

ಅತ್ತಿಗೆಯ ಬಗ್ಗೆ ಒಳ್ಳೆಯ ಮಾತು ಬರೆಯಲು ಕೂತಿದ್ದೇನೆಂದು ತಿಳಿದರೆ ಮೊದಲು ನಗುವವರು ಅವರೇ. ಇಪ್ಪತ್ತು ವರ್ಷದಿಂದ ಅವರ ಜೊತೆ ಜಗಳವಾಡಿಕೊಂಡೇ ಬಂದವನು ನಾನು. ಒಂದರಲ್ಲೂ ಗೆದ್ದಿಲ್ಲ ಅನ್ನುವುದು ಬೇರೆ ಮಾತು.

ಅತ್ತಿಗೆಯದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಅಣ್ಣ ಹಿಂದಿನ ಕೋಣೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತಾನೆ, ನಾನು ಕಾರಿನಲ್ಲಿ ಬಟ್ಟೆ ತಲುಪಿಸುತ್ತೇನೆ, ಅತ್ತಿಗೆ ಮುಂದಿನ ಮೇಜಿನ ಬಳಿ ಕೂತು ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ. ಆ ಮೇಜಿನ ಮೇಲೊಂದು ಉದ್ದನೆಯ ಪುಸ್ತಕವಿದೆ. ಬಟ್ಟೆ ಬಂದ ಕೂಡಲೇ ಟ್ಯೂಬ್‌ಲೈಟಿನ ಕೆಳಗೆ ಹರವಿ, ಕಾಲರು, ಕಂಕುಳು, ಅಂಚು ಎಲ್ಲ ನೋಡಿ, ಮೊದಲೇ ಇದ್ದ ಕಲೆಯನ್ನು ಒಂದನೆಯ ಕಾಲಂನಲ್ಲಿ ಬರೆಯುತ್ತಾರೆ. ನಮ್ಮಿಂದಾದ ಕಲೆಗೆ ಎರಡನೆಯ ಕಾಲಂ. ಮಾಡಿದವರೇ ಕೈಯಾರೆ ಬರೆಯಬೇಕು. ಮೂರನೆಯದು ‘ಹೋಯಿತೇ?’ ಎಂಬುದು. ಅದನ್ನು ಬಟ್ಟೆಯವರೇ ತುಂಬಬೇಕು, ನಾವು ಮುಟ್ಟುವಂತಿಲ್ಲ. “ಹೋಯ್ತು ಅಂತ ನಾವೇ ಹೇಳ್ಕೊಂಡ್ರೆ ಆಯ್ತಾ? ಹಾಕ್ಕೊಳ್ಳೋರು ಅವರು,” ಎನ್ನುತ್ತಾರೆ ಅತ್ತಿಗೆ. ಗಿರಾಕಿಗಳ ಮುಂದೆ ನಮ್ಮ ಮಾನವನ್ನು ನಾವೇ ಹರಾಜಿಗಿಡುವ ಈ ಪುಸ್ತಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ಕಾರಿನ ವಿಮೆ ಕಟ್ಟಿ ಬಾ ಎಂದು ನನ್ನನ್ನು ಕಳಿಸಿದರು. ಫಾರಂನಲ್ಲಿ ‘ಸ್ವಂತ ಬಳಕೆ’ ಎಂಬಲ್ಲಿ ಗುರುತು ಹಾಕಿದೆ. ಹಾಗೆ ಹಾಕಿದರೆ ಕಂತು ಕಡಿಮೆ. ದೊಡ್ಡ ಸಾಹಸ ಮಾಡಿ ಬಂದವನಂತೆ ಕಾಗದವನ್ನು ಮೇಜಿನ ಮೇಲಿಟ್ಟೆ. ಅತ್ತಿಗೆ ಕನ್ನಡಕ ಏರಿಸಿ, ಕಾಲರಿನ ಕೊಳೆ ನೋಡುವ ಹಾಗೆ ಒಂದೊಂದೇ ಸಾಲು ಓದಿದರು.

“ಇದು ಮನೆಯವರು ಓಡಾಡೋಕೆ ಅಂತಿದೆಯಲ್ಲೋ. ನಮ್ಮ ಕಾರಲ್ಲಿ ಮನೆಯವರು ಓಡಾಡಿದ್ದು ಯಾವಾಗ? ನಾನು ಹತ್ತಬೇಕು ಅಂದ್ರೆ ಕೋಟುಗಳ ಹತ್ರ ಜಾಗ ಕೇಳ್ಬೇಕು.”

“ಎಲ್ಲರೂ ಹೀಗೇ ಹಾಕೋದು ಅತ್ತಿಗೆ. ಯಾರು ಬಂದು ನೋಡ್ತಾರೆ?”

“ದಿನಾ ಯಾರೂ ನೋಡಲ್ಲ. ನೀನು ಯಾರಿಗಾದ್ರೂ ಗುದ್ದಿದ ದಿನ ನೋಡ್ತಾರೆ. ‘ಕಾರು ಅಂಗಡಿ ಕೆಲಸದ ಮೇಲಿತ್ತು, ನಮಗೆ ಸಂಬಂಧ ಇಲ್ಲ’ ಅಂತ ವಿಮೆಯವರು ಕೈ ತೊಳ್ಕೊಂಡ್ರೆ ಗುದ್ದಿಸಿಕೊಂಡೋರ ಗತಿ ಏನು? ನೀನು ಹೋಗೋದು ನನ್ನ ಕೆಲಸಕ್ಕೆ. ನೀನು ಮಾಡಿದ ತಪ್ಪಿಗೂ ನಾನೇ ಹೊಣೆ.”

ಮರುದಿನ ನನ್ನನ್ನೇ ಮತ್ತೆ ಓಡಿಸಿದರು. ವ್ಯಾಪಾರದ ಬಳಕೆ ಎಂದು ಬರೆಸಿ, ಓಡಿಸುವವನ ಜಾಗದಲ್ಲಿ ನನ್ನ ಹೆಸರು ಸೇರಿಸಿ ಬಂದೆ. ನಮ್ಮ ತಪ್ಪಿನಿಂದ ಎದುರಿನವರಿಗಾಗುವ ಪೆಟ್ಟಿಗೆ ಒಂದು ವಿಮೆ, ನಮ್ಮ ಕಾರಿಗಾಗುವ ಪೆಟ್ಟಿಗೆ ಬೇರೆಯೇ ಒಂದು. ಎರಡನೆಯದು ಬೇಡವೆಂದರು ಅತ್ತಿಗೆ. ಹಳೇ ಕಾರಿನ ತಗ್ಗನ್ನು ನೋಡಿಕೊಂಡಿರಬಹುದು, ಇನ್ನೊಬ್ಬರ ಮೈಗಾದದ್ದನ್ನು ನೋಡಿಕೊಂಡಿರಲಾಗದು ಎಂಬುದು ಅವರ ಲೆಕ್ಕ. ನಾನು ಒಂದು ವಾರ ಮುಖ ಊದಿಸಿಕೊಂಡು ತಿರುಗಿದೆ.

ಆಮೇಲೆ ಗುದ್ದಿದವನೂ ನಾನೇ. ಆಸ್ಪತ್ರೆಯ ಬಿಳಿ ಕೋಟುಗಳು ಸುಕ್ಕಾಗಬಾರದೆಂದು ಕಾರಿನೊಳಗೆ ಅಡ್ಡಕ್ಕೆ ಒಂದು ಕಂಬಿ ಹಾಕಿ ತೂಗುಹಾಕುತ್ತಿದ್ದೆ. ಆ ದಿನ ಮೂವತ್ತು ಕೋಟುಗಳಿದ್ದವು, ಹಿಂದಿನ ಗಾಜಿನಲ್ಲಿ ಬಿಳುಪು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮಡಚಿದರೆ ಇಸ್ತ್ರಿ ಹಾಳೆಂದು ಹಾಗೆಯೇ ಕಾರನ್ನು ಹಿಂದಕ್ಕೆ ತೆಗೆದೆ. ಧಡ್ ಎಂದು ಸದ್ದಾಯಿತು. ಇಳಿದು ನೋಡಿದರೆ ಪಕ್ಕದ ಬೀದಿಯ ಗಡಿಯಾರ ರಿಪೇರಿಯವರು, ಅರವತ್ತು ದಾಟಿದವರು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದರು. “ಕೈಯಪ್ಪಾ, ನನ್ನ ಕೈ,” ಎಂದಷ್ಟೇ ಹೇಳಿದರು. ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಕೂರಿಸುವ ಕೈ ಅದು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಬೆರಳುಗಳು ಮೊದಲಿನಂತೆ ಆಡಬೇಕಾದರೆ ವಾರದೊಳಗೆ ದೊಡ್ಡ ಆಪರೇಷನ್ ಆಗಬೇಕು, ತಡವಾದರೆ ಮರಗಟ್ಟುತ್ತವೆ ಎಂದರು ವೈದ್ಯರು. ಅದರ ಖರ್ಚು ಗಡಿಯಾರದವರ ಶಕ್ತಿಗೆ ಮೀರಿದ್ದು, ನಮ್ಮ ಶಕ್ತಿಗೂ ಮೀರಿದ್ದು. ವಿಮೆಯವರು ಒಪ್ಪಿದರೆ ಮಾತ್ರ ಆಗುವ ಕೆಲಸ.

ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. “ಅವರೇ ಅಡ್ಡ ಬಂದ್ರು ಅಂತೀನಿ ಅತ್ತಿಗೆ. ಯಾರೂ ನೋಡಿಲ್ಲ. ಇಲ್ಲದಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ.”

ಅತ್ತಿಗೆ ಕೂಗಾಡಲಿಲ್ಲ. “ನೀನು ಹಾಗಂದ್ರೆ ವಿಚಾರಣೆ ತಿಂಗಳುಗಟ್ಟಲೆ ಎಳೆಯುತ್ತೆ. ನಿನ್ನ ಲೈಸೆನ್ಸ್ ಹೋದ್ರೆ ಇಲ್ಲಿ ಇಸ್ತ್ರಿಪೆಟ್ಟಿಗೆ ಇದೆ. ಅವರ ಕೈ ಹೋದ್ರೆ ಅವರಿಗೇನಿದೆ?”

“ಹಾಗಾದ್ರೆ ತಪ್ಪೆಲ್ಲ ನಮ್ಮದೇ, ನಾವೇ ಕೊಡ್ತೀವಿ ಅಂತ ಅವರಿಗೆ ಬರೆದುಕೊಡ್ಲಾ?”

“ಅಂಥ ಮಾತನ್ನ ನಾವು ಕೊಡೋ ಹಾಗಿಲ್ಲ, ಪಾಲಿಸಿಯಲ್ಲೇ ಇದೆ. ತಪ್ಪು ಎಷ್ಟು, ಕೊಡೋದೆಷ್ಟು ಅಂತ ವಿಮೆಯವರು ತೀರ್ಮಾನ ಮಾಡ್ಲಿ. ನಡೆದದ್ದನ್ನ ನಡೆದ ಹಾಗೆ ಹೇಳೋದಷ್ಟೇ ನಮ್ಮ ಕೆಲಸ.” ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. “ಬರಿ.”

ಎರಡನೆಯ ಕಾಲಂನಲ್ಲಿ ಬರೆದೆ: ಗಡಿಯಾರದವರ ಬಲಗೈ. ಕೋಟುಗಳು ಅಡ್ಡವಿದ್ದವು. ಹಿಂದೆ ನೋಡಲಿಲ್ಲ.

ವಿಮೆಯ ಅಧಿಕಾರಿ ಮರುದಿನವೇ ಬಂದರು. ಪಾಲಿಸಿಯನ್ನು ಹಿಂದೆ ಮುಂದೆ ತಿರುವಿ, “ಕಾರು ಅಂಗಡಿ ಕೆಲಸಕ್ಕೆ ಹೋಗಿತ್ತಾ?” ಎಂದು ಕೇಳಿದರು.

“ಹೌದು, ಹಾಗಂತಲೇ ಬರೆಸಿದ್ದೀವಿ,” ಎಂದರು ಅತ್ತಿಗೆ.

“ಓಡಿಸ್ತಿದ್ದೋರು?”

“ನನ್ನ ಮೈದುನ. ಅವನ ಹೆಸರೂ ಇದೆ, ಕೆಳಗೆ ನೋಡಿ.”

ಅಧಿಕಾರಿ ನನ್ನ ಕಡೆ ತಿರುಗಿದಾಗ ಪುಸ್ತಕವನ್ನು ಹತ್ತಿರ ಎಳೆದುಕೊಂಡೆ. ಪುಸ್ತಕದಲ್ಲಿದ್ದದ್ದನ್ನೇ ಓದಿ ಹೇಳಿದೆ. ಇಪ್ಪತ್ತು ವರ್ಷ ಬೈದುಕೊಂಡ ಪುಸ್ತಕ ಅವತ್ತು ನನ್ನನ್ನು ನೆಟ್ಟಗೆ ನಿಲ್ಲಿಸಿತು. ಐದನೆಯ ದಿನ ಆಪರೇಷನ್ ಆಯಿತು.

ನನ್ನ ಲೈಸೆನ್ಸನ್ನು ಮೂರು ತಿಂಗಳು ತಡೆಹಿಡಿದರು. ನಾನು ಇಸ್ತ್ರಿ ಮಾಡಿದೆ, ಎರಡನೆಯ ಕಾಲಂನಲ್ಲಿ ಧಾರಾಳವಾಗಿ ಬರೆದೆ. ಅತ್ತಿಗೆ ದಿನಾ ಮಧ್ಯಾಹ್ನ ಗಡಿಯಾರದ ಅಂಗಡಿಯ ಬಾಗಿಲು ತೆಗೆದು, ಗಿರಾಕಿ ತಪ್ಪಿಹೋಗದಂತೆ ಎರಡು ತಾಸು ಕೂತು ಬರುತ್ತಿದ್ದರು. ಬಂದ ಗಡಿಯಾರಗಳಲ್ಲಿ ಮೊದಲೇ ಇದ್ದ ಗೀರುಗಳನ್ನು ಬರೆದಿಟ್ಟರೆಂದು ಬೇರೆ ಹೇಳಬೇಕಿಲ್ಲ.

ಏಳು ತಿಂಗಳಾದ ಮೇಲೆ ಗಡಿಯಾರದವರು ನಮ್ಮ ಅಂಗಡಿಗೆ ಬಂದರು. ಅತ್ತಿಗೆ ಆ ಪುಟ ತೆಗೆದು ಅವರ ಮುಂದಿಟ್ಟರು. ‘ಹೋಯಿತೇ?’ ಕಾಲಂ ಖಾಲಿಯಿತ್ತು. ಅವರು ಪೆನ್ನನ್ನು ಬಲಗೈಯಲ್ಲೇ ಹಿಡಿದು ನಿಧಾನವಾಗಿ ಬರೆದರು: ಮುಕ್ಕಾಲು ಹೋಗಿದೆ. ದೊಡ್ಡ ಗಡಿಯಾರ ಆಗುತ್ತದೆ. ಕೈಗಡಿಯಾರದ ಸ್ಪ್ರಿಂಗ್ ಹಿಡಿಯಲಾಗುವುದಿಲ್ಲ.

“ಏನೂ ಅಂದ್ಕೋಬೇಡಿ ತಾಯಿ, ಇದ್ದದ್ದನ್ನ ಬರೆದೆ,” ಎಂದರು.

ಅತ್ತಿಗೆಯ ಕಣ್ಣು ತುಂಬಿ ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಕನ್ನಡಕ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ವಿಮೆಯವರು ಅವರ ಪಾಲಿಂದು ಮಾಡಿದ್ರು. ಉಳಿದ ಕಾಲು ಭಾಗ ನಿನ್ನದು ಕಣೋ.”

ಈಗ ಕೋಟುಗಳನ್ನು ಮಡಚಿಯೇ ಒಯ್ಯುತ್ತೇನೆ. ಬಟ್ಟೆ ತಲುಪಿಸಿದ ಮೇಲೆ ಮೂರರಿಂದ ಐದರವರೆಗೆ ಗಡಿಯಾರದವರ ಪಕ್ಕದಲ್ಲಿ ಕೂತಿರುತ್ತೇನೆ. ಅವರು ತೋರಿಸುತ್ತಾರೆ, ನಾನು ಚಿಮಟದಲ್ಲಿ ಸ್ಪ್ರಿಂಗ್ ಹಿಡಿದು ಕೂರಿಸುತ್ತೇನೆ. ನನ್ನ ಕೈ ಒರಟು, ಚೆನ್ನಾಗಿ ಬೈಯುತ್ತಾರೆ. ನಾನು ಸುಮ್ಮನೆ ಬೈಸಿಕೊಳ್ಳುತ್ತೇನೆ. ಪುಸ್ತಕದಲ್ಲಿ ಇನ್ನೂ ಮುಕ್ಕಾಲು ಎಂದೇ ಇದೆ.