ಬಿಳ್ಯಾ ಓಡದ ಕಾರಹುಣ್ಣಿಮೆ

ಕುಸುಬಿ ಎಣ್ಣೆಗೆ ಅರಿಶಿನ ಬಿದ್ದಾಗ ಒಂದು ಕಟುವಾದ ವಾಸನೆ ಏಳುತ್ತದೆ. ಮೊನ್ನೆ ಒಗ್ಗರಣೆಗೆ ಎಣ್ಣೆ ಕಾಯಿಸುವಾಗ ಅದು ಮೂಗಿಗೆ ಬಡಿದದ್ದೇ ತಡ, ನಾನು ಹುನಗುಂದದ ಬದಿಯ ನಮ್ಮ ಹಳ್ಳಿಯ ಮನೆಯಲ್ಲಿ, ಪರಕಾರ ಉಟ್ಟ ಹುಡುಗಿಯಾಗಿ ಮೇವಿನ ಗೋದಲಿಯ ಪಕ್ಕ ನಿಂತಿದ್ದೆ. ತಲೆಬಾಗಿಲು ದಾಟಿದರೆ ಎಡಕ್ಕೆ ದನ, ಬಲಕ್ಕೆ ಎತ್ತರದ ಕಟ್ಟೆಯ ಮೇಲೆ ನಾವು. ನಡುವೆ ಗೋಡೆಯೂ ಇರಲಿಲ್ಲ. ಎತ್ತುಗಳು ಕಣಿಕೆ ಮೆಲ್ಲುವ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆವು. ಈಗ ಆ ಮನೆಯಿಲ್ಲ, ಆ ಜನರೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಆಯಿಯ ಜೀವವೆಲ್ಲ ಬಿಳ್ಯಾ ಎಂಬ ಎತ್ತಿನ ಮೇಲೆ. ತಾಯಿ ಸತ್ತ ಕರುವಿಗೆ ಸೆರಗಿನ ತುದಿ ಹಾಲಿಗದ್ದಿ ಚೀಪಿಸಿ ಬೆಳೆಸಿದ್ದಳು. ನಮಗೆ ಬೆಲ್ಲ ಕೊಡುವಾಗ ಉಗುರಿನಷ್ಟು ಮುರಿಯುವ ಕೈ ಅವನಿಗೆ ಅಚ್ಚನ್ನೇ ತಿನ್ನಿಸುತ್ತಿತ್ತು. ಕಾರಹುಣ್ಣಿಮೆಯ ಸಂಜೆ ನಮ್ಮೂರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿಯುತ್ತಿದ್ದರು. ಅದೇ ಕರಿ. ಓಡಿ ಬಂದ ಎತ್ತುಗಳಲ್ಲಿ ಯಾವುದು ಅದನ್ನು ಹರಿಯಿತೋ ಆ ಮನೆಯವರು ವರ್ಷವಿಡೀ ಮೀಸೆ ತಿರುವಿಕೊಂಡು ಓಡಾಡಬಹುದಿತ್ತು. ಬಹಳ ವರ್ಷಗಳಿಂದ ಆ ಭಾಗ್ಯ ನೆರೆಮನೆಯ ಸಂಗಪ್ಪ ಕಾಕಾನ ಕೆಂದೆತ್ತಿನದು. ಈ ಸಲ ಬಿಳ್ಯಾನದೇ ಎಂದು ಊರಿಗೆ ಊರೇ ಹೇಳುತ್ತಿತ್ತು. ಆಯಿ ಬಾಯಿ ಬಿಡುತ್ತಿರಲಿಲ್ಲ, ಆದರೆ ನೀರಿಗೆ ಹೋಗುವಾಗಲೂ ಆಗಲೇ ಕರಿ ಹರಿದವಳಂತೆ ನಡೆಯುತ್ತಿದ್ದಳು.

ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಅಂದು ಎತ್ತುಗಳ ಮೈ ತೊಳೆದು, ಅರಿಶಿನ ಕಲಸಿದ ಕುಸುಬಿ ಎಣ್ಣೆಯನ್ನು ಬಿದಿರಿನ ಗೊಟ್ಟದಿಂದ ಅವುಗಳ ಗಂಟಲಿಗೆ ಹೊಯ್ಯುತ್ತಿದ್ದರು. ಆಯಿ ತವರಿನಿಂದ ತಂದಿದ್ದ ಗೊಟ್ಟ ನುಣುಪಾಗಿ ಹೊಳೆಯುತ್ತಿತ್ತು. ಅದು ಕೈಗುಣದ್ದೆಂದು ನಮ್ಮ ಎತ್ತುಗಳಾದ ಮೇಲೆ ಓಣಿಯವರೆಲ್ಲ ಅದನ್ನೇ ಒಯ್ಯುತ್ತಿದ್ದರು. ಒಂದೇ ಗೊಟ್ಟ ಮನೆಯಿಂದ ಮನೆಗೆ, ಬಾಯಿಂದ ಬಾಯಿಗೆ. ಆ ವರ್ಷ ಆಯಿ ಗೊಟ್ಟ ಇಡಲೆಂದು ಬಿಳ್ಯಾನ ನಾಲಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ನಾಲಿಗೆಯ ಅಂಚಿನಲ್ಲಿ ನೀರು ತುಂಬಿದ ಗುಳ್ಳೆ. ಬಗ್ಗಿ ಗೊರಸಿನ ಸಂದು ಮುಟ್ಟಿದರೆ ಅಲ್ಲಿ ಬಿಸಿ. ಕಾಲುಬಾಯಿ ಬೇನೆ.

ಅಪ್ಪನ ಮುಖ ಕಪ್ಪಿಟ್ಟಿತು. ದನಿ ತಗ್ಗಿಸಿ, "ಯವ್ವಾ, ಒಂದ ಗುಳ್ಳಿ ಎದ್ದೈತಿ ಅಷ್ಟ. ಯಾರಿಗೂ ಕಾಣಂಗಿಲ್ಲ. ನಾಳಿ ಓಡಿಸಿಬಿಡೂಣು, ಆಮ್ಯಾಲ ಹೇಳಿದರಾತು" ಎಂದ.

"ಮಿರಗದ ಮಳಿ ತಲಿ ಮ್ಯಾಲ ಐತಿ. ನಾಳಿ ಅಗಸ್ಯಾಗ ಊರ ಎತ್ತೆಲ್ಲಾ ಮೈಗೆ ಮೈ ತಿಕ್ಕತಾವು. ಎಲ್ಲಾ ಕುಂಟಕೋತ ನಿಂತರ ಬಿತ್ತಾವರು ಯಾರೋ? ನಿಮ್ಮಪ್ಪ ಮಣ್ಣಾಗಿಂದ ಎದ್ದು ಬರ್ತಾನೇನು?"

ಅಷ್ಟರಲ್ಲಿ ಹೊರಗಿನಿಂದ ಸಂಗಪ್ಪ ಕಾಕಾನ ದನಿ: "ಚಿಗವ್ವಾ, ನಿಂದಾಗಿದ್ದರ ಗೊಟ್ಟ ಕೊಡು." ಆಯಿ ಕೈಯಲ್ಲಿದ್ದ ಗೊಟ್ಟವನ್ನು ಒಮ್ಮೆ ನೋಡಿದಳು. ನೇರ ಹೋಗಿ ಉರಿಯುವ ಒಲೆಗೆ ಹಾಕಿ, "ಹೊಸ್ತಿಲಾ ದಾಟಬ್ಯಾಡೋ ಸಂಗಪ್ಪಾ. ಬಿಳ್ಯಾಗ ಕಾಲ್ಬ್ಯಾನಿ ಬಂದೈತಿ. ಊರಾಗೂ ಹೇಳು" ಎಂದಳು.

ಕಾಕಾ ನಕ್ಕ. "ಖರೆ ಹೇಳು, ಬ್ಯಾನಿ ಬಂದೈತೋ, ನಮ್ಮ ಕೆಂದಗ ಅಂಜೀಯೋ?"

ಎಂಥವರಿಗೂ ತಿರುಗೇಟು ಕೊಡುವ ಆಯಿ ಅಂದು ಬೇನೆಯ ಗುರುತೆಂದು ಬಾಗಿಲಿಗೆ ಬೇವಿನ ಟೊಂಗೆ ಸಿಗಿಸಿದಳು, ಅಂಗಳಕ್ಕೆ ಜಾಲಿಯ ಮುಳ್ಳು ಎಳೆಸಿದಳು. ಬೆಳಗಾದರೆ ಚರಿಗೆ ಹಿಡಿದು ಬಂದವರಿಗೆಲ್ಲ ಮಜ್ಜಿಗೆ ಹೊಯ್ಯುತ್ತಿದ್ದ ಮನೆ ಅದು, ಮಜ್ಜಿಗೆಯೂ ನಿಂತಿತು. ದನಗಳನ್ನು ಹಳ್ಳಕ್ಕೆ ಬಿಡದೆ ನಾವೇ ಕೊಡ ಹೊತ್ತು ನೀರುಣಿಸಿದೆವು. ಅಪ್ಪ ಸೈಕಲ್ ತುಳಿದು ಹುನಗುಂದದ ದನದ ದವಾಖಾನೆಯಿಂದ ನೇರಳೆ ಬಣ್ಣದ ಔಷಧ ತಂದ. ಹುಣ್ಣಿಮೆಯ ಸಂಜೆ ಊರ ಎತ್ತುಗಳ ಕೋಡಿಗೆಲ್ಲ ಬಣ್ಣ, ನಮ್ಮ ಬಿಳ್ಯಾನ ಕಾಲಿಗೆ ಮಾತ್ರ. ಅಗಸಿಯ ಕಡೆಯಿಂದ ಹಲಗೆಯ ಸದ್ದು, ಆಮೇಲೆ ಹೋ ಎಂಬ ಕೂಗು. "ಸಂಗಪ್ಪನ ಕೆಂದ," ಎಂದಳು ಆಯಿ, ಗೊರಸು ತೊಳೆಯುವ ಕೈ ನಿಲ್ಲಿಸದೆ. ಆಕೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆವಾಗ.

ಬೇನೆ ನಮ್ಮ ಮುಳ್ಳಿನ ಬೇಲಿ ದಾಟಲಿಲ್ಲ. ಆದರೆ ಬಿಳ್ಯಾನ ಜೊತೆಯ ಎತ್ತೂ ಕುಂಟಿತು. ಮಿರಗದ ಮಳೆ ಬಂತು, ಊರೆಲ್ಲ ಸಜ್ಜೆ ಬಿತ್ತಿತು, ನಮ್ಮ ಹೊಲ ಹಸಿಯಾಗಿ ಬಿದ್ದಿತ್ತು. ಆಯಿ ಯಾರ ಮುಂದೆಯೂ ಕೈಯೊಡ್ಡುವವಳಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಸಂಗಪ್ಪ ಕಾಕಾ ನಮ್ಮ ಹೊಲದಲ್ಲಿ ಕೂರಿಗೆ ಹೂಡಿದ್ದ. ಎತ್ತುಗಳನ್ನು ಕಂಡದ್ದೇ ಆಯಿ ಬದುವಿನಾಚೆಯೇ ನಿಂತಳು. "ಹತ್ತರ ಬರಂಗಿಲ್ಲೋ, ನನ್ನ ಸೀರ್ಯಾಗ ಬ್ಯಾನಿ ಇದ್ದೀತು!" ಎಂದು ಅಲ್ಲಿಂದಲೇ ಕೂಗಿದಳು. ತುಸು ಹೊತ್ತಿಗೆ ಮತ್ತೆ, "ಸಾಲು ಸೊಟ್ಟ ಹೊಂಟೈತಿ ನೋಡು!" ಕಾಕಾ ಕಿಸಿಕಿಸಿ ನಗುತ್ತ ಸಾಲು ನೆಟ್ಟಗೆ ಮಾಡಿಕೊಂಡ. ನನ್ನ ಹೆಮ್ಮೆ ಆ ಹೊಲದಲ್ಲಿ ಹಿಡಿಸುತ್ತಿರಲಿಲ್ಲ.

ಬಿಳ್ಯಾ ಬದುಕಿದ, ಆದರೆ ಮತ್ತೆ ಓಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆಯಿಯನ್ನು ಅದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಬಾದಾಮಿ ಕಡೆಯಿಂದ ಬಂದಿದ್ದ ಬೀಗರೊಬ್ಬರು, ಆ ವರ್ಷದ ಮಾತು ಬಂದು, "ಕರಿ ಹರದಿದ್ದು ನಿಮ್ಮ ಕೆಂದೆತ್ತಂತಲ್ರಿ?" ಎಂದು ಕಾಕಾನನ್ನು ಕೇಳಿದರು. ಹಣ್ಣುಹಣ್ಣು ಮುದುಕನಾಗಿದ್ದ ಕಾಕಾ ಬಗ್ಗಿ ಹಿಡಿ ಮಣ್ಣು ಹಾಕಿದ.

"ಹಗ್ಗ ಹರದಿದ್ದು ನಮ್ಮ ಕೆಂದರಿ," ಎಂದ. "ಕರಿ ಹರದಾಕಿ ಇಲ್ಲಿ ಮಲಗ್ಯಾಳ."